ಬೈಕ್ ಕಳವು: ಒಂದು ಠಾಣೆಯ ಸರಹದ್ದಿನಲ್ಲಿ ಅಪರಾಧ ಅಧ್ಯಯನ ಮಾಡುವ ಬಗೆ

ಅಪರಾಧಶಾಸ್ತ್ರದ ಕಿರುಪ್ರಬಂಧಕ್ಕೆ ವಿಷಯ ಹುಡುಕುವವರು ಹೆಚ್ಚಾಗಿ ಎಡವುವುದು ಶೀರ್ಷಿಕೆಯಲ್ಲೇ. 'ಯುವಜನರಲ್ಲಿ ಅಪರಾಧ ಪ್ರವೃತ್ತಿಗೆ ಕಾರಣಗಳು' ಎಂದು ಬರೆದ ಕೂಡಲೇ ಉತ್ತರವೂ ಬಂದು ಕೂತಿರುತ್ತದೆ: ಬಡತನ, ನಿರುದ್ಯೋಗ, ಕುಡಿತ, ಸಹವಾಸ, ಸಿನಿಮಾ. ಆರು ತಿಂಗಳು ಅಲೆದು ಬಂದರೂ ಕೊನೆಗೆ ಸಿಗುವುದು ಅದೇ ಐದು ಪದ. ಬಡವರಲ್ಲಿ ಬಹುಪಾಲು ಜನ ಏಕೆ ಕದಿಯುವುದಿಲ್ಲ? ಕದಿಯುವವನಾದರೂ ದಿನವೂ ಏಕೆ ಕದಿಯುವುದಿಲ್ಲ? ಕದ್ದ ದಿನ ಆ ಬೀದಿಯ ಆ ಗಾಡಿಗೇ ಏಕೆ ಕೈ ಹಾಕಿದ? ಈ ಮೂರಕ್ಕೂ ಆ ಪಟ್ಟಿಯಲ್ಲಿ ಉತ್ತರವಿಲ್ಲ.

ಇಲ್ಲಿ ಎರಡು ಬೇರೆ ಬೇರೆ 'ಏಕೆ'ಗಳಿವೆ. ಒಬ್ಬ ಮನುಷ್ಯ ಕಳ್ಳತನದ ಕಡೆಗೆ ವಾಲಿದ್ದು ಏಕೆ ಎಂಬುದು ಒಂದು. ಒಂದು ಕಳವು ಆ ಜಾಗದಲ್ಲಿ, ಆ ಹೊತ್ತಿನಲ್ಲಿ ನಡೆದದ್ದು ಏಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೂರಾರು ಮಕ್ಕಳ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು, ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಎರಡನೆಯದನ್ನು ಒಬ್ಬ ವಿದ್ಯಾರ್ಥಿ ಹತ್ತು ವಾರದಲ್ಲಿ ಮಾಡಿ ಮುಗಿಸಬಹುದು. ಅದಕ್ಕೆ ಬೇಕಾದ ಚೌಕಟ್ಟನ್ನು ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಕೊಟ್ಟರು: ಕದಿಯಲು ತಯಾರಿರುವವನು, ಕದಿಯಲು ತಕ್ಕ ವಸ್ತು, ತಡೆಯುವವರ ಗೈರುಹಾಜರಿ, ಈ ಮೂರೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬಂದಾಗ ಅಪರಾಧ ಘಟಿಸುತ್ತದೆ. ಎರಡನೇ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಜನರ ಕೈಯಲ್ಲಿ ಹಣ ಓಡಾಡುತ್ತಿದ್ದರೂ ಕಳ್ಳತನ ಏರಿತ್ತು. ಹಗಲು ಮನೆಗಳು ಖಾಲಿ ಇರತೊಡಗಿದ್ದವು, ಬೆಲೆಬಾಳುವ ಸಾಮಾನುಗಳು ಹಗುರವಾಗುತ್ತಾ ಬಂದಿದ್ದವು ಎಂಬುದು ಅವರ ವಾದ.

ಬೈಕ್ ಕಳವನ್ನೇ ಏಕೆ ಆರಿಸಬೇಕು ಎಂದರೆ, ಅದು ದಾಖಲೆಗೆ ಬರುವ ಅಪರಾಧ. ವಿಮೆ ಹಣಕ್ಕೆ ಎಫ್‌ಐಆರ್ ಬೇಕೇ ಬೇಕು. ವಿಮೆ ಇಲ್ಲದವರೂ, ಕದ್ದ ಗಾಡಿಯಲ್ಲಿ ಯಾರಾದರೂ ಸರ ಕಿತ್ತುಕೊಂಡು ಹೋದರೆ ತಮ್ಮ ಮನೆ ಬಾಗಿಲಿಗೆ ಪೊಲೀಸರು ಬರುತ್ತಾರೆಂಬ ಹೆದರಿಕೆಗೆ ದೂರು ಕೊಡುತ್ತಾರೆ. ಮೊಬೈಲ್ ಕಳವು ಹಾಗಲ್ಲ, ಎಷ್ಟೋ ಸಲ 'ಕಳೆದುಹೋಗಿದೆ' ಎಂಬ ಅರ್ಜಿಯಲ್ಲೇ ಮುಗಿಯುತ್ತದೆ. ಆದರೂ ಒಂದು ಸೋರಿಕೆ ನೆನಪಿರಲಿ. ಹದಿನೈದು ವರ್ಷ ಹಳೆಯ, ಬರೀ ಥರ್ಡ್ ಪಾರ್ಟಿ ವಿಮೆ ಇರುವ ಗಾಡಿ ಹೋದರೆ ಪರಿಹಾರ ಸಿಗುವುದಿಲ್ಲ. ಅಂಥ ಮಾಲೀಕರಲ್ಲಿ ಕೆಲವರು ಠಾಣೆಯ ಮೆಟ್ಟಿಲೇ ಹತ್ತುವುದಿಲ್ಲ. ಹಾಗಾಗಿ ಹಳೆ ಗಾಡಿಗಳ ಲೆಕ್ಕ ನಿಮ್ಮ ಪಟ್ಟಿಯಲ್ಲಿ ನಿಜಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಮಾಹಿತಿ ಎಲ್ಲಿಂದ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯನ್ನು ಪೀಠಿಕೆಗೆ ಬಳಸಿ, ತೀರ್ಮಾನಕ್ಕಲ್ಲ. ಅದರಲ್ಲಿ ಮೂರು ತೊಡಕುಗಳಿವೆ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತಾರೆ. ಕೊಲೆ ಮಾಡಿ ಬೈಕ್ ಒಯ್ದರೆ ಅದು ಕೊಲೆಯ ಕೋಷ್ಟಕಕ್ಕೆ ಹೋಗುತ್ತದೆ, ಕಳವಿನದಕ್ಕೆ ಬರುವುದಿಲ್ಲ. ಎರಡನೆಯದು, ಅಪರಾಧ ದರವನ್ನು ಲಕ್ಷ ಜನಸಂಖ್ಯೆಗೆ ಲೆಕ್ಕ ಹಾಕುತ್ತಾರೆ, ಆ ಜನಸಂಖ್ಯೆಯೋ ಅಂದಾಜಿನದು. ಮೂರನೆಯದೇ ದೊಡ್ಡದು: ಎಣಿಕೆಯಾಗುವುದು ದಾಖಲಾದ ಪ್ರಕರಣ, ನಡೆದ ಅಪರಾಧವಲ್ಲ. ಕೇರಳದ ದರ ಹಲವು ರಾಜ್ಯಗಳಿಗಿಂತ ಮೇಲಿರುವುದನ್ನು ನೋಡಿ 'ಅಲ್ಲಿ ಕಳ್ಳಕಾಕರು ಜಾಸ್ತಿ' ಎಂದು ಬರೆದರೆ ಮೌಖಿಕ ಪರೀಕ್ಷೆಯಲ್ಲಿ ನಿಮ್ಮನ್ನು ಅಲ್ಲೇ ಹಿಡಿಯುತ್ತಾರೆ. ದೂರು ಕೊಡುವವರೂ ಬರೆದುಕೊಳ್ಳುವವರೂ ಹೆಚ್ಚಿದ್ದರೆ ದರ ಏರುತ್ತದೆ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ನಿಮ್ಮ ಅವಧಿ ಆ ದಿನವನ್ನು ದಾಟುವಂತಿದ್ದರೆ ಕಳವಿಗೆ ಹಳೆಯ ಭಾರತೀಯ ದಂಡ ಸಂಹಿತೆಯ ಕಲಂ 379 ಮತ್ತು ಹೊಸ ಸಂಹಿತೆಯ ಕಲಂ 303(2) ಎರಡನ್ನೂ ಹುಡುಕಿ ಕೂಡಿಸಬೇಕು. ಕಿತ್ತುಕೊಂಡು ಓಡುವುದಕ್ಕೆ ಈಗ ಬೇರೆಯೇ ಕಲಂ ಇದೆ, 304. ಇದನ್ನು ಮರೆತವರ ನಕ್ಷೆಯಲ್ಲಿ 2024ರ ನಡುವಿನಲ್ಲಿ ಕಳ್ಳತನ ಇದ್ದಕ್ಕಿದ್ದಂತೆ ನಿಂತುಹೋಗಿರುತ್ತದೆ!

ನಿಮಗೆ ನಿಜಕ್ಕೂ ಬೇಕಾದದ್ದು ಒಂದೊಂದು ಎಫ್‌ಐಆರ್. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಪ್ರತಿಗೆ ಪುಟಕ್ಕೆ 2 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. 'ಕಳವಿಗೆ ಕಾರಣವೇನು, ಇಲಾಖೆ ಏನು ಕ್ರಮ ಕೈಗೊಂಡಿದೆ' ಎಂದು ಕೇಳಬೇಡಿ, ಅದು ಅಭಿಪ್ರಾಯ ಕೇಳಿದಂತಾಗುತ್ತದೆ. ಹೆಸರು, ವಿಳಾಸ, ವಾಹನ ಸಂಖ್ಯೆ ಬಿಟ್ಟು, 'ಇಂಥ ದಿನದಿಂದ ಇಂಥ ದಿನದವರೆಗೆ ದಾಖಲಾದ ದ್ವಿಚಕ್ರ ವಾಹನ ಕಳವು ಪ್ರಕರಣಗಳಲ್ಲಿ ಕೃತ್ಯದ ಸ್ಥಳ, ನಡೆದ ಅವಧಿ, ವರದಿಯಾದ ದಿನ, ವಾಹನದ ಮಾದರಿ ಮತ್ತು ವರ್ಷ, ಪತ್ತೆಯಾದ ದಿನ ಮತ್ತು ಸ್ಥಳ' ಎಂದು ಕೇಳಿ. ಹೆಸರು ಕೇಳಿದಿರೋ, ಖಾಸಗಿ ಮಾಹಿತಿ ಎಂದೋ ತನಿಖೆಗೆ ಅಡ್ಡಿ ಎಂದೋ ಅರ್ಜಿ ವಾಪಸ್ ಬರುತ್ತದೆ.

12 ತಿಂಗಳಲ್ಲಿ 40 ಪ್ರಕರಣ ಇಲ್ಲದಿದ್ದರೆ ಅವಧಿಯನ್ನು 24 ತಿಂಗಳಿಗೆ ಹಿಗ್ಗಿಸಿ. ಪಕ್ಕದ ಠಾಣೆಯನ್ನು ಸೇರಿಸುವುದಕ್ಕಿಂತ ಅದು ವಾಸಿ, ಎರಡು ಠಾಣೆಯ ಬರವಣಿಗೆಯ ಚಾಳಿ ಒಂದೇ ಇರುವುದಿಲ್ಲ.

ಎಫ್‌ಐಆರ್ ಓದುವುದು

ಪ್ರಥಮ ವರ್ತಮಾನ ವರದಿಯಲ್ಲಿ ಕೃತ್ಯ ನಡೆದ ಕಾಲ ಒಂದು ಕಡೆ, ಠಾಣೆಗೆ ವರ್ತಮಾನ ಬಂದ ಕಾಲ ಇನ್ನೊಂದು ಕಡೆ ಇರುತ್ತದೆ. ಹೊಸಬರು ಎರಡನೆಯದನ್ನು ಹಾಳೆಗೆ ಇಳಿಸಿ, ಕಳವುಗಳೆಲ್ಲ ಬೆಳಗ್ಗೆ ಹನ್ನೊಂದಕ್ಕೆ ನಡೆಯುತ್ತವೆ ಎಂಬ ಶೋಧನೆ ಮಾಡುತ್ತಾರೆ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಎರಡರ ನಡುವಿನ ಅಂತರವೂ ಒಂದು ಮಾಹಿತಿಯೇ. ಹತ್ತು ದಿನ ತಡವಾಗಿದ್ದರೆ 'ಸುತ್ತಮುತ್ತ ಹುಡುಕಿ, ಸಿಗದ ಕಾರಣ ತಡವಾಗಿ ಬಂದು' ಎಂಬ ಸಾಲು ಇರುತ್ತದೆ. ಈಗ ಆನ್‌ಲೈನ್‌ನಲ್ಲಿ ದೂರು ಕೊಟ್ಟವರು ಮೂರು ದಿನದೊಳಗೆ ಬಂದು ಸಹಿ ಹಾಕಿದ ಮೇಲೆ ದಾಖಲಿಸುವ ಪದ್ಧತಿಯೂ ಇರುವುದರಿಂದ ದಾಖಲಾದ ದಿನವನ್ನು ನಂಬಿ ವಾರದ ಲೆಕ್ಕ ಹಾಕಲೇಬೇಡಿ.

ಸ್ಥಳದ ಕಾಲಂ ಇನ್ನೂ ತಲೆನೋವು. 'ಠಾಣೆಯಿಂದ ಪೂರ್ವಕ್ಕೆ 1.5 ಕಿ.ಮೀ., ಬಸ್ ನಿಲ್ದಾಣದ ಹತ್ತಿರ' ಎಂದಿರುತ್ತದೆ. ನಿಲ್ದಾಣದ ಹತ್ತಿರ ಅಂದರೆ ಮುಂಭಾಗದ ಪಾರ್ಕಿಂಗೋ, ಹಿಂದಿನ ಹೋಟೆಲ್ ಸಾಲೋ, ಎದುರಿನ ಆಸ್ಪತ್ರೆಯೋ? ದೂರಿನ ಪೂರ್ತಿ ಪಠ್ಯ ಓದಿದರೆ ಹೆಚ್ಚಿನ ಸಲ ಗೊತ್ತಾಗುತ್ತದೆ: 'ಎಂದಿನಂತೆ ಮೆಡಿಕಲ್ ಸ್ಟೋರ್ ಪಕ್ಕದ ಕಾಂಪೌಂಡಿಗೆ ಒರಗಿಸಿ ಹ್ಯಾಂಡಲ್ ಲಾಕ್ ಮಾಡಿ' ಎಂದು ಪಿರ್ಯಾದುದಾರರು ಬರೆದಿರುತ್ತಾರೆ. ಅಲ್ಲಿನ 'ಎಂದಿನಂತೆ' ಎಂಬ ಪದವನ್ನು ಬಿಡಬೇಡಿ. ದಿನವೂ ಒಂದೇ ಕಡೆ ನಿಲ್ಲುವ ಗಾಡಿ ಬೇರೆ, ಆ ದಿನ ಮಾತ್ರ ನಿಂತದ್ದು ಬೇರೆ. ಹಾಗೆಯೇ, ಹ್ಯಾಂಡಲ್ ಲಾಕ್ ಮಾಡಿದ್ದೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ವಿಮೆ ಹಣ ಬೇಕಾದ ಯಾರೂ 'ಕೀಲಿಯನ್ನು ಗಾಡಿಯಲ್ಲೇ ಬಿಟ್ಟಿದ್ದೆ' ಎಂದು ಬರೆದುಕೊಡುವುದಿಲ್ಲ.

ಯಾವಾಗ ಹೋಯಿತು

ಬೈಕ್ ಕಳವಿನಲ್ಲಿ ನಿಖರ ಸಮಯ ಯಾರಿಗೂ ಗೊತ್ತಿರುವುದಿಲ್ಲ. ನಿಲ್ಲಿಸಿದ ಹೊತ್ತು, ಇಲ್ಲವೆಂದು ಕಂಡ ಹೊತ್ತು, ಇವೆರಡೇ ಗೊತ್ತು. ಇವುಗಳ ನಡುಬಿಂದುವನ್ನು ತೆಗೆದುಕೊಳ್ಳುವುದು ಸಾಮಾನ್ಯ ತಪ್ಪು. ರಾತ್ರಿ 10ಕ್ಕೆ ನಿಲ್ಲಿಸಿ ಬೆಳಗ್ಗೆ 6ಕ್ಕೆ ನೋಡಿದವರ ಗಾಡಿಗಳೆಲ್ಲ ರಾತ್ರಿ 2ಕ್ಕೆ ಹೋದಂತೆ ಕಂಡು, ನಕ್ಷೆಯಲ್ಲಿ ಆ ಹೊತ್ತಿಗೆ ಒಂದು ಸುಳ್ಳು ಶಿಖರ ಏಳುತ್ತದೆ. ಬೀಟ್ ಪೊಲೀಸರನ್ನು ಆ ಹೊತ್ತಿಗೆ ಕಳಿಸಿ ಪ್ರಯೋಜನವಿಲ್ಲ.

ಅದರ ಬದಲು ಒಂದು ಕಳವನ್ನು ಅದು ನಡೆದಿರಬಹುದಾದ ಎಲ್ಲ ಗಂಟೆಗಳಿಗೂ ಸಮನಾಗಿ ಹಂಚಿ. ಇದಕ್ಕೆ ಅಯೋರಿಸ್ಟಿಕ್ ವಿಶ್ಲೇಷಣೆ ಎಂಬ ದೊಡ್ಡ ಹೆಸರಿದೆ, ಲೆಕ್ಕ ಮಾತ್ರ ಪ್ರಾಥಮಿಕ ಶಾಲೆಯದು. ಮೂರು ಕಳವು ಇದ್ದವೆನ್ನೋಣ. ಮೊದಲನೆಯದು ರಾತ್ರಿ 10ರಿಂದ ಬೆಳಗ್ಗೆ 6ರೊಳಗೆ: ಎಂಟು ಗಂಟೆ, ಒಂದೊಂದಕ್ಕೆ 0.125. ಎರಡನೆಯದು ಸಂಜೆ 6ರಿಂದ 8: ಎರಡು ಗಂಟೆ, ಒಂದೊಂದಕ್ಕೆ 0.5. ಮೂರನೆಯದು ಬೆಳಗ್ಗೆ 9ರಿಂದ ಸಂಜೆ 7: ಹತ್ತು ಗಂಟೆ, ಒಂದೊಂದಕ್ಕೆ 0.1. ಈಗ ಗಂಟೆವಾರು ಕೂಡಿಸಿ. ಸಂಜೆ 6ರಿಂದ 7ರ ಖಾನೆಯಲ್ಲಿ 0.5 ಮತ್ತು 0.1 ಸೇರಿ 0.6 ಬರುತ್ತದೆ. ರಾತ್ರಿ 2ರದ್ದು ಬರೀ 0.125. ನಡುಬಿಂದು ಹಿಡಿದಿದ್ದರೆ ಮೂರು ಕಳವುಗಳು ರಾತ್ರಿ 2, ಸಂಜೆ 7, ಮಧ್ಯಾಹ್ನ 2 ಎಂದು ಚದುರಿಹೋಗಿ ಏನೂ ಕಾಣುತ್ತಿರಲಿಲ್ಲ. ಎಕ್ಸೆಲ್‌ನಲ್ಲಿ 24 ಕಾಲಂ ಮಾಡಿಕೊಂಡರೆ 60 ಪ್ರಕರಣಕ್ಕೆ ಒಂದು ಮಧ್ಯಾಹ್ನದ ಕೆಲಸ. ಅವಧಿ 24 ಗಂಟೆಗಿಂತ ಉದ್ದವಿರುವ ಪ್ರಕರಣಗಳನ್ನು ಈ ಲೆಕ್ಕದಿಂದ ಹೊರಗಿಡಿ, ಎಷ್ಟು ಹೊರಗಿಟ್ಟಿರಿ ಎಂಬುದನ್ನು ಮಾತ್ರ ವರದಿಯಲ್ಲಿ ಬರೆಯಿರಿ.

ಎಲ್ಲಿ ಹೋಯಿತು, ಮತ್ತು ಎಷ್ಟರಲ್ಲಿ ಎಷ್ಟು

ನಕ್ಷೆಯಲ್ಲಿ ಚುಕ್ಕೆ ಇಟ್ಟ ಕೂಡಲೇ ಅವು ಗುಂಪುಗೂಡಿರುವುದು ಕಾಣುತ್ತದೆ. ಅದು ಎಲ್ಲ ಊರಿನ ಕಥೆ. ಮಿನಿಯಾಪೊಲಿಸ್ ನಗರದಲ್ಲಿ 1989ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಬಂದದ್ದು ಸುಮಾರು 3 ಶೇಕಡಾ ವಿಳಾಸಗಳಿಂದ. ಆದರೆ ಚುಕ್ಕೆಯ ಗುಂಪು ಅಪಾಯವನ್ನೇ ತೋರಿಸುತ್ತದೆ ಎಂದೇನಿಲ್ಲ. ಅಲ್ಲಿ ಗಾಡಿಗಳೇ ಜಾಸ್ತಿ ಇರಬಹುದು.

ಆದ್ದರಿಂದ ಭಾಜಕ ಬೇಕು, ಅಂದರೆ ಅಲ್ಲಿ ಒಟ್ಟು ಎಷ್ಟು ಗಾಡಿ ನಿಲ್ಲುತ್ತವೆ ಎಂಬ ಲೆಕ್ಕ. ಅದನ್ನು ಯಾವ ಕಚೇರಿಯೂ ಕೊಡುವುದಿಲ್ಲ, ಕಾಲ್ನಡಿಗೆಯಲ್ಲೇ ತರಬೇಕು. ಚುಕ್ಕೆಗಳು ಹೆಚ್ಚಿರುವ ಐದಾರು ಜಾಗ, ಚುಕ್ಕೆಯೇ ಇಲ್ಲದ ಐದಾರು ಜಾಗ ಆರಿಸಿಕೊಳ್ಳಿ. ವಾರದ ನಡುವಿನ ಎರಡು ದಿನ, ಒಂದು ಭಾನುವಾರ, ಒಂದು ಸಂತೆಯ ದಿನ, ಹೀಗೆ ನಾಲ್ಕು ದಿನ ಬೆಳಗ್ಗೆ 7, ಮಧ್ಯಾಹ್ನ 12, ಸಂಜೆ 6:30, ರಾತ್ರಿ 10:30ಕ್ಕೆ ಹೋಗಿ ನಿಂತ ಬೈಕುಗಳನ್ನು ಎಣಿಸಿ. ಕಲಿಕೆಗಾಗಿ ಒಂದು ಕಾಲ್ಪನಿಕ ಲೆಕ್ಕ: ಮಾರುಕಟ್ಟೆ ಗೇಟಿನಲ್ಲಿ ವರ್ಷಕ್ಕೆ 24 ಕಳವು, ಸರಾಸರಿ ನಿಲ್ಲುವ ಗಾಡಿ 600. ಗುಡಿ ಬೀದಿಯಲ್ಲಿ 9 ಕಳವು, ನಿಲ್ಲುವ ಗಾಡಿ 60. ನೂರು ಗಾಡಿಗೆ ಮಾರುಕಟ್ಟೆಯಲ್ಲಿ 4, ಗುಡಿ ಬೀದಿಯಲ್ಲಿ 15. ಪತ್ರಿಕೆಯಲ್ಲಿ ಹೆಸರು ಕೆಡುವುದು ಮಾರುಕಟ್ಟೆಯದು, ಗಾಡಿ ನಿಲ್ಲಿಸಲು ಹೆದರಬೇಕಾದದ್ದು ಗುಡಿ ಬೀದಿಯಲ್ಲಿ.

ಎಣಿಸಲು ಹೋದಾಗ ಇನ್ನೂ ನಾಲ್ಕು ವಿಷಯ ಗುರುತು ಮಾಡಿಕೊಳ್ಳಿ. ನಿಂತ ಗಾಡಿ ಕಾಣುವಂಥ ಕಿಟಕಿ ಅಥವಾ ಅಂಗಡಿ ಎಷ್ಟು, ಅವು ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತವೆ, ಬೀದಿದೀಪ ಉರಿಯುತ್ತದೆಯೇ, ಮುಖ್ಯರಸ್ತೆಗೆ ಎಷ್ಟು ಹೆಜ್ಜೆ. ಸಿಸಿಟಿವಿ ಇದೆ ಎಂದಷ್ಟೇ ಬರೆದು ಸುಮ್ಮನಾಗಬೇಡಿ, ಅದರ ಮೂತಿ ಎತ್ತ ಇದೆ ನೋಡಿ. ಅಂಗಡಿಯ ಕ್ಯಾಮೆರಾ ಸಾಮಾನ್ಯವಾಗಿ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಕಾಯುತ್ತದೆ, ನಿಮ್ಮ ಬೈಕನ್ನಲ್ಲ.

ಸಣ್ಣ ಸಂಖ್ಯೆಗಳಿಗೆ ಶೇಕಡಾ ಹಾಕುವ ಚಟ ಬಿಡಿ. ಕಳೆದ ವರ್ಷ 9, ಈ ವರ್ಷ 5. ಅಂದರೆ 44 ಶೇಕಡಾ ಇಳಿಕೆ ಎಂದು ಬೀಗುವಂತಿಲ್ಲ. ಒರಟು ಸೂತ್ರವೊಂದಿದೆ: ಎಣಿಕೆಯ ವರ್ಗಮೂಲದ ಎರಡರಷ್ಟು ಆಚೀಚೆ ಹೋಗುವುದು ಬರೀ ಆಕಸ್ಮಿಕವೂ ಇರಬಹುದು. 9ರ ವರ್ಗಮೂಲ 3, ಎರಡರಷ್ಟು ಎಂದರೆ 6. ಆದ್ದರಿಂದ 3ರಿಂದ 15ರವರೆಗೆ ಏನು ಬಂದರೂ ಏನೋ ಬದಲಾಯಿತು ಎಂದು ಹೇಳುವ ಧೈರ್ಯ ಮಾಡಬೇಡಿ.

ಯಾವ ಗಾಡಿ, ಏತಕ್ಕೆ

ಕಳ್ಳರಿಗೆ ಬೇಕಾದ ವಸ್ತುವಿಗೆ ಆರು ಗುಣ ಇರುತ್ತವೆ ಎಂದು ರೊನಾಲ್ಡ್ ಕ್ಲಾರ್ಕ್ 1999ರಲ್ಲಿ ಪಟ್ಟಿ ಮಾಡಿದರು: ಬಚ್ಚಿಡಲು ಬರಬೇಕು, ಸಾಗಿಸಲು ಬರಬೇಕು, ಕೈಗೆ ಸಿಗಬೇಕು, ಬೆಲೆ ಇರಬೇಕು, ಬಳಸಿ ಖುಷಿಪಡುವಂತಿರಬೇಕು, ಸುಲಭವಾಗಿ ಮಾರಿಹೋಗಬೇಕು. ಬೈಕಿನ ಮಟ್ಟಿಗೆ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಊರಲ್ಲೆಲ್ಲ ಓಡಾಡುವ ಸಾಧಾರಣ ಮಾದರಿಯೇ ಹೆಚ್ಚು ಕಳುವಾಗುತ್ತದೆ ಎಂದು ನಿಮ್ಮ ಹಾಳೆ ಹೇಳಿದರೆ, ಅದು ಬಿಡಿಭಾಗಕ್ಕೆ ಗಿರಾಕಿ ಇರುವುದರಿಂದಲೋ ಅಥವಾ ಅಂಥ ಗಾಡಿಗಳೇ ಜಾಸ್ತಿ ಇರುವುದರಿಂದಲೋ? ಮತ್ತೆ ಭಾಜಕ. ಬೀದಿಯಲ್ಲಿ ಎಣಿಸುವಾಗಲೇ ಮಾದರಿಯನ್ನೂ ಬರೆದುಕೊಂಡಿದ್ದರೆ ಈಗ ಕೈಕೈ ಹಿಸುಕಿಕೊಳ್ಳಬೇಕಿಲ್ಲ.

'ಬೈಕ್ ಕಳವು' ಎಂಬುದು ಒಂದೇ ಅಪರಾಧವಲ್ಲ ಎಂಬುದು ಗೊತ್ತಾಗುವುದು ಪತ್ತೆಯಾದ ಗಾಡಿಗಳ ಕಾಲಂ ತುಂಬಿಸುವಾಗ. ಎರಡು ದಿನದಲ್ಲಿ, ಪೆಟ್ರೋಲ್ ಮುಗಿದು, ಹತ್ತಿರದಲ್ಲೇ ಸಿಕ್ಕರೆ ಅದು ಓಡಿಸುವ ಮೋಜಿಗೋ ಮನೆ ಸೇರಿಕೊಳ್ಳಲಿಕ್ಕೋ ಒಯ್ದದ್ದು. ದೂರದ ತಾಲೂಕಿನಲ್ಲಿ ಹತ್ತಾರು ಗಾಡಿಗಳ ಜೊತೆ ಸಿಕ್ಕರೆ ಮಾರಾಟದ ಜಾಲ. ಸರಗಳವಿನ ಪ್ರಕರಣದಲ್ಲಿ ಜಪ್ತಿಯಾದರೆ ಅದು ಇನ್ನೊಂದು ಅಪರಾಧಕ್ಕೆ ಸಲಕರಣೆ. ಸಿಗದೇ ಹೋಗಿ, ಪತ್ತೆಯಾಗದ ಪ್ರಕರಣವೆಂದು 'ಸಿ' ರಿಪೋರ್ಟ್ ಆದವುಗಳಲ್ಲಿ ಗುಜರಿಗೆ ಬಿಚ್ಚಿಹೋದವು ಇರುತ್ತವೆ. ಈ ನಾಲ್ಕರ ಕಾರಣ ನಾಲ್ಕು ತರ. ಹದಿನೇಳರ ಹುಡುಗನ ಮೋಜನ್ನೂ ಗುಜರಿ ವ್ಯಾಪಾರವನ್ನೂ ಒಂದೇ ಸಿದ್ಧಾಂತದಲ್ಲಿ ಕಟ್ಟಿಹಾಕಲು ಹೊರಟಲ್ಲೇ ಪ್ರಬಂಧ ಹದಗೆಡುತ್ತದೆ.

ಮಾತಾಡಿಸುವುದು

ಈಗ ಬೇಕಾದರೆ ಮನುಷ್ಯರ ಹತ್ತಿರ ಹೋಗಿ. ಮೊದಲು ಗುಜರಿಯವರು, ಮೆಕ್ಯಾನಿಕ್‌ಗಳು, ಪಾರ್ಕಿಂಗ್ ಹುಡುಗರು, ರಾತ್ರಿ ಅಂಗಡಿಯವರು. ಕದ್ದವರನ್ನು ಮಾತಾಡಿಸುವುದಾದರೆ ಶಿಕ್ಷೆ ಮುಗಿಸಿದವರನ್ನು ಮಾತ್ರ. ನಮ್ಮ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಅವರು ನಿಮ್ಮೆದುರು ಆಡಿದ ಮಾತು ಅವರ ಕೇಸಿಗೇ ಮುಳುವಾಗಬಹುದು. ಸಂಶೋಧಕರಿಗೆ ವಕೀಲರಿಗಿರುವಂಥ ಗೋಪ್ಯತೆಯ ರಕ್ಷಣೆ ಕಾನೂನಿನಲ್ಲಿಲ್ಲ. ಆದ್ದರಿಂದ ಶುರುವಿನಲ್ಲೇ ಹೇಳಿಬಿಡಿ: ಬಾಕಿ ಇರುವ ಕೇಸಿನ ಬಗ್ಗೆ, ಸಿಕ್ಕಿಬೀಳದ ಕಳವಿನ ಬಗ್ಗೆ, ಜೊತೆಗಾರರ ಹೆಸರಿನ ಬಗ್ಗೆ ಮಾತು ಬೇಡ. ಬಾಲಕರ ಗುರುತು ಹೊರಗೆಡಹುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧವೇ ಆಗುತ್ತದೆ. ಊರು, ಶಾಲೆ ಬರೆದರೂ ಗುರುತು ಸಿಕ್ಕಂತೆಯೇ.

'ಏಕೆ ಕದ್ದೆ?' ಎಂದು ಕೇಳಬೇಡಿ. ಇದೇ ಪ್ರಶ್ನೆಯನ್ನು ಠಾಣೆಯಲ್ಲಿ, ಕೋರ್ಟಿನಲ್ಲಿ, ಮನೆಯಲ್ಲಿ ಕೇಳಿಸಿಕೊಂಡು ಅವರ ಹತ್ತಿರ ಸಿದ್ಧ ಉತ್ತರ ಇರುತ್ತದೆ. ಆ ದಿನ ಬೆಳಗ್ಗೆಯಿಂದ ಎಲ್ಲೆಲ್ಲಿದ್ದೆ, ಆ ಬೀದಿಗೆ ಏಕೆ ಹೋದೆ, ಯಾವ ಗಾಡಿಗಳನ್ನು ನೋಡಿ ಬೇಡವೆಂದು ಬಿಟ್ಟೆ, ಏನು ಕಂಡಿದ್ದರೆ ವಾಪಸ್ ಹೋಗುತ್ತಿದ್ದೆ ಎಂದು ಕೇಳಿ. ಬಿಟ್ಟುಹೋದ ಗಾಡಿಯ ಬಗ್ಗೆ ಆಡುವ ಮಾತು ಕದ್ದ ಗಾಡಿಯ ಬಗ್ಗೆ ಆಡುವುದಕ್ಕಿಂತ ಹೆಚ್ಚು ಕಲಿಸುತ್ತದೆ. ನಡುವೆ ಸಮರ್ಥನೆಗಳು ಬರುತ್ತವೆ. 'ಇನ್ಶೂರೆನ್ಸ್ ಬರುತ್ತಲ್ಲ ಸಾರ್, ಅವರಿಗೇನು ಲಾಸು?', 'ದೊಡ್ಡೋರು ಕೋಟಿಗಟ್ಟಲೆ ನುಂಗ್ತಾರೆ', 'ದೋಸ್ತಿಗೋಸ್ಕರ ಹೋಗಿದ್ದು' ಎಂಬ ಧಾಟಿಯವು. ಇವನ್ನು ಕಾರಣದ ಕಾಲಂಗೆ ಹಾಕಬೇಡಿ. ತಪ್ಪೆಂದು ಗೊತ್ತಿದ್ದೂ ಮನಸ್ಸನ್ನು ಒಪ್ಪಿಸಿಕೊಳ್ಳುವ ಇಂಥ ಐದು ಬಗೆಯ ಮಾತುಗಳನ್ನು ಸೈಕ್ಸ್ ಮತ್ತು ಮಾಟ್ಜಾ 1957ರಲ್ಲೇ ವಿಂಗಡಿಸಿದ್ದಾರೆ. ಇವಕ್ಕೆ ಪ್ರತ್ಯೇಕ ಕಾಲಂ ಇರಲಿ.

ಒಂದು ಎಚ್ಚರಿಕೆ, ಸ್ವಲ್ಪ ಖಾರವಾಗಿಯೇ. ಸಿಕ್ಕಿಬಿದ್ದವರ ಪಟ್ಟಿ ಕದ್ದವರ ಪಟ್ಟಿಯಲ್ಲ. ಕಳವಾದ ಕೂಡಲೇ ಪೊಲೀಸರು ಹಳೇ ಎಂ.ಓ.ಬಿ. ಹಾಳೆಯಲ್ಲಿ (ಹಳೆ ಆರೋಪಿಗಳನ್ನೂ ಅವರ ಕೃತ್ಯದ ಶೈಲಿಯನ್ನೂ ಬರೆದಿಡುವ ದಾಖಲೆ) ಹೆಸರಿರುವವರನ್ನು ಮೊದಲು ಹುಡುಕುತ್ತಾರೆ. ಹುಡುಕಿದ ಕಡೆಯೇ ಸಿಗುತ್ತಾರೆ, ಸಿಕ್ಕವರ ಕೇರಿಯ ಹೆಸರು ಮತ್ತೆ ಹಾಳೆಗೆ ಸೇರುತ್ತದೆ. ಇದೇ ಸುತ್ತುಯಂತ್ರವನ್ನು ಬ್ರಿಟಿಷರು 1871ರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿ ಕಾನೂನು ಮಾಡಿ, ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಬರೆದರು. ಕಾಯ್ದೆ 1952ರಲ್ಲಿ ಹೋಯಿತು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಆ ಸಮುದಾಯಗಳನ್ನು ಕೂಡಿಹಾಕಿದ್ದ ಜಾಗಗಳಿಗೆ 'ಸೆಟ್ಲಮೆಂಟ್' ಎಂಬ ಬಡಾವಣೆಯ ಹೆಸರು ಉಳಿದಿದೆ. ಆರೋಪಿಗಳ ಜಾತಿಯ ಕೋಷ್ಟಕ ಹಾಕುವ ಆಸೆಯಾದರೆ, ಅದು ತೋರಿಸುವುದು ಯಾರು ಕದಿಯುತ್ತಾರೆ ಎಂಬುದನ್ನಲ್ಲ, ಪೊಲೀಸರು ಎಲ್ಲಿ ಹುಡುಕುತ್ತಾರೆ ಎಂಬುದನ್ನು.

ಕಾರಣವನ್ನು ಪರೀಕ್ಷಿಸುವುದು

ನೀವು ಕಾರಣವೆಂದು ಹೇಳಿದ್ದು ಬದಲಾದಾಗ ಕಳವೂ ಬದಲಾಗಬೇಕು. ಪಶ್ಚಿಮ ಜರ್ಮನಿಯಲ್ಲಿ 1980ರಲ್ಲಿ ಹೆಲ್ಮೆಟ್ ಇಲ್ಲದ ಸವಾರರಿಗೆ ಸ್ಥಳದಲ್ಲೇ ದಂಡ ಹಾಕತೊಡಗಿದರು. ಆ ವರ್ಷ ಸುಮಾರು 1.5 ಲಕ್ಷ ಇದ್ದ ಮೋಟಾರ್‌ಸೈಕಲ್ ಕಳವು 1986ರ ಹೊತ್ತಿಗೆ ಸುಮಾರು 54 ಸಾವಿರಕ್ಕೆ ಇಳಿಯಿತು. ಬರಿತಲೆಯಲ್ಲಿ ಕದ್ದ ಗಾಡಿ ಓಡಿಸಿದರೆ ಮೊದಲ ವೃತ್ತದಲ್ಲೇ ಹಿಡಿಯುತ್ತಾರೆ, ಕದಿಯಲು ಹೆಲ್ಮೆಟ್ ಹೊತ್ತು ತಿರುಗುವವರು ಕಡಿಮೆ. ಆರು ವರ್ಷದಲ್ಲಿ ಬಡತನ, ಸಹವಾಸ ಅಷ್ಟು ಬದಲಾಗಿರಲಿಲ್ಲ. ಸ್ಟೀರಿಂಗ್ ಲಾಕ್ ಕಥೆ ಇನ್ನೂ ಚೆನ್ನಾಗಿದೆ. ಜರ್ಮನಿ ಹಳೆ-ಹೊಸ ಕಾರುಗಳಿಗೆಲ್ಲ ಕಡ್ಡಾಯ ಮಾಡಿತು, ಕಳವು ಇಳಿಯಿತು. ಬ್ರಿಟನ್ 1971ರಲ್ಲಿ ಹೊಸ ಕಾರುಗಳಿಗೆ ಮಾತ್ರ ಮಾಡಿತು, ಕಳ್ಳರು ಹಳೆ ಕಾರುಗಳ ಕಡೆ ತಿರುಗಿದರು.

ಇದೇ ಪ್ರಶ್ನೆಯನ್ನು ಇಲ್ಲಿ ಕೇಳಲು ಒಂದು ಅವಕಾಶವಿದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳು ಅತಿ ಸುರಕ್ಷಿತ ನೋಂದಣಿ ಫಲಕದೊಂದಿಗೇ (ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್) ಬರುತ್ತಿವೆ. ಹಳೆಯವಕ್ಕೂ ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲಿ ಹೇಳಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ನಿಮ್ಮ ಹಾಳೆಯಲ್ಲಿ ವಾಹನದ ವರ್ಷ ಇದೆ. 2019ರ ಮೊದಲಿನವು ಮತ್ತು ನಂತರದವು ಎಂದು ಎರಡು ರಾಶಿ ಮಾಡಿ, ಬೀದಿಯಲ್ಲಿ ಎಣಿಸಿದ ಹಳೆ-ಹೊಸ ಪ್ರಮಾಣಕ್ಕೆ ಹೋಲಿಸಿ. ಹಳೆ ಗಾಡಿಗಳ ಪಾಲು ಬೀದಿಯಲ್ಲಿರುವುದಕ್ಕಿಂತ ಕಳವಿನಲ್ಲಿ ಬಹಳ ಹೆಚ್ಚಿದ್ದರೆ ಅದಕ್ಕೆ ಫಲಕ ಒಂದು ಕಾರಣವಿರಬಹುದು, ಸವೆದ ಲಾಕ್ ಇನ್ನೊಂದು. ಎರಡನ್ನು ಬೇರ್ಪಡಿಸಬೇಕೆಂದರೆ ಗಡುವಿನ ಹಿಂದಿನ ಮತ್ತು ಮುಂದಿನ ತಿಂಗಳುಗಳನ್ನೂ ನೋಡಬೇಕು. ಫಲಕ ಹಾಕಿಸಿಕೊಂಡ ಮಾತ್ರಕ್ಕೆ ಲಾಕ್ ಹೊಸದಾಗುವುದಿಲ್ಲ.

ಠಾಣೆಯವರು ನಿಮ್ಮ ಮಾತು ಕೇಳಿ ಗುಡಿ ಬೀದಿಗೆ ದೀಪ ಹಾಕಿಸಿದರೆ, ಅಥವಾ ಗಾಡಿ ಬಿಗಿಯಲು ಕಬ್ಬಿಣದ ಕಂಬಿ ನೆಡಿಸಿದರೆ, ಫಲಿತಾಂಶವನ್ನು ಮರುತಿಂಗಳೇ ಅಳೆಯಬೇಡಿ. ಹಿಂದಿನ ಹನ್ನೆರಡು ತಿಂಗಳಿಗೆ ಮುಂದಿನ ಹನ್ನೆರಡು ತಿಂಗಳನ್ನೇ ಹೋಲಿಸಿ, ಜಾತ್ರೆಯ ತಿಂಗಳು ಎರಡೂ ಕಡೆ ಬರಬೇಕು. ಏನೂ ಮಾಡದ, ಅಂಥದೇ ಇನ್ನೊಂದು ಬೀದಿಯನ್ನು ಪಕ್ಕಕ್ಕಿಟ್ಟುಕೊಳ್ಳಿ. ಕಳವು ಪಕ್ಕದ ಬೀದಿಗೆ ಜರುಗಿತೇ ಎಂದು ನೋಡಲು ಸುತ್ತಲಿನ ಎರಡು ಮೂರು ಬೀದಿಗಳ ಎಣಿಕೆಯೂ ಬೇಕು, ಅದೂ ದೀಪ ಹಾಕುವ ಮೊದಲೇ. ದೀಪ ಹೊತ್ತಿದ ಮೇಲೆ ಹೋಗಿ ಎಣಿಸಿದರೆ, ಹಿಂದೆ ಅಲ್ಲಿ ಎಷ್ಟು ಗಾಡಿ ನಿಲ್ಲುತ್ತಿದ್ದವು ಎಂಬುದನ್ನು ಇನ್ನು ಯಾರೂ ಹೇಳಲಾರರು.